ಕರಿ ಲೇಪದ ಮೂರು ಬಿಲ್ಲೆಗಳು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಕಪ್ಪು ಪುಡಿ ಅರೆಯುತ್ತಿದ್ದೆ. ಏನು ಓದುತ್ತಿದ್ದೀಯ ಎಂದು ಯಾರಾದರೂ ಕೇಳಿದರೆ ಪಿಎಚ್‌.ಡಿ. ಎಂದು ಹೇಳಿ ಮುಗಿಸುತ್ತಿದ್ದೆ. ಏನು ಮಾಡುತ್ತಿದ್ದೀಯ ಎಂದು ಕೇಳಿದರೆ ಮಾತ್ರ ತಡವರಿಸುತ್ತಿದ್ದೆ.

ನಮ್ಮ ಮನೆ ಸರಸ್ವತಿಪುರಂನಲ್ಲಿತ್ತು. ಅಪ್ಪ ಮಠದ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾಗಿದ್ದರು. ಮಗಳು ದಿನವೂ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಸಿಟಿ ಬಸ್ ಹತ್ತಿ ಹೋಗುವುದು, ಸಂಜೆ ಉಗುರಿನ ಸಂದಿಯಲ್ಲಿ ಕಪ್ಪು ತುಂಬಿಕೊಂಡು ಬರುವುದು ಅಮ್ಮನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಅವಳಿಗೆ ತೋರಿಸೋಣವೆಂದು ಒಮ್ಮೆ ಒಂದು ಬಿಲ್ಲೆಯನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದೆ. ನಾಣ್ಯದಷ್ಟು ಅಗಲ, ಪಿಂಗಾಣಿಯಂತೆ ಗಟ್ಟಿ, ಹಾಲಿನಂಥ ಬಿಳುಪು. ಒಂದು ಮುಖಕ್ಕೆ ಮಾತ್ರ ಕಪ್ಪು ಲೇಪ. ಅಮ್ಮ ಅದನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ನೋಡಿದಳು.

"ಇದೇನೇ, ವಿಭೂತಿ ಗಟ್ಟಿಗೆ ಕಾಡಿಗೆ ಬಳಿದಂಗಿದೆ."

"ಇದ್ರಿಂದ ಕರೆಂಟ್ ಬರುತ್ತಮ್ಮ. ಈ ಕಡೆಯಿಂದ ಹೈಡ್ರೋಜನ್ ಬಿಡೋದು, ಈ ಕಪ್ಪು ಕಡೆಯಿಂದ ಗಾಳಿ. ಕಾಯಿಸಿದ್ರೆ ಹೊಗೆ ಇಲ್ದೆ ಸದ್ದಿಲ್ದೆ ಕರೆಂಟ್."

"ಎಷ್ಟು ಕಾಯಿಸ್ಬೇಕು?"

"ಹೆಚ್ಚುಕಮ್ಮಿ ಸಾವಿರ ಡಿಗ್ರಿ."

"ಅಷ್ಟು ಕಾಯಿಸೋಕೆ ಕರೆಂಟ್ ಬೇಡ್ವೇನೇ ಮತ್ತೆ?"

ಇದಕ್ಕೆ ಉತ್ತರವಿತ್ತು. ದೊಡ್ಡದಾಗಿ ಕಟ್ಟಿದರೆ ಅದು ತನ್ನ ಬಿಸಿಯನ್ನು ತಾನೇ ಉಳಿಸಿಕೊಳ್ಳುತ್ತದೆ ಎಂದು ಹೇಳಿದೆ. ಆದರೆ ಹೇಳುತ್ತ ಹೇಳುತ್ತ ನನ್ನ ದನಿ ನನಗೇ ನಂಬುವಂತೆ ಕೇಳಲಿಲ್ಲ. ಅಮ್ಮ ಬಿಲ್ಲೆಯನ್ನು ವಾಪಸು ಕೊಟ್ಟು, ಕೈ ತೊಳೆದುಕೊಂಡು ಬಾ ಎಂದಳು.

ಬಿಳಿಯ ಬಿಲ್ಲೆ ನನ್ನ ಕೆಲಸವಲ್ಲ, ಅದನ್ನು ಯಾರೋ ಹಿಂದೆಯೇ ಚೆನ್ನಾಗಿ ಮಾಡಿಟ್ಟಿದ್ದರು. ನನ್ನ ಪಾಲಿಗೆ ಬಂದದ್ದು ಆ ಕಪ್ಪು ಲೇಪ. ಅದಕ್ಕೆ ಕ್ಯಾಥೋಡ್ ಎನ್ನುತ್ತಾರೆ. ಗಾಳಿಯಲ್ಲಿರುವ ಆಮ್ಲಜನಕ ಆ ಲೇಪದ ಮೂಲಕವೇ ಒಳಗೆ ಇಳಿಯಬೇಕು. ಆದ್ದರಿಂದ ಲೇಪದ ತುಂಬ ಸಣ್ಣ ಸಣ್ಣ ರಂಧ್ರಗಳಿರಬೇಕು, ಇಡ್ಲಿಯೊಳಗೆ ಇರುವ ಹಾಗೆ. ಆದರೆ ಕಣಗಳು ಒಂದಕ್ಕೊಂದು ಅಂಟಿಕೊಂಡೂ ಇರಬೇಕು, ಇಲ್ಲದಿದ್ದರೆ ವಿದ್ಯುತ್ ಹರಿಯುವುದಿಲ್ಲ. ಬಿಳಿಯ ಬಿಲ್ಲೆಯನ್ನೂ ಕಚ್ಚಿ ಹಿಡಿದಿರಬೇಕು, ಇಲ್ಲದಿದ್ದರೆ ಹಳೆಯ ಗೋಡೆಯ ಸುಣ್ಣದಂತೆ ಹಕ್ಕಳೆ ಎದ್ದು ಉದುರುತ್ತದೆ. ನಾನು ಮೂರು ನಾಲ್ಕು ಲೋಹಗಳ ಲವಣಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಸುಟ್ಟು, ಪುಟ್ಟ ಕಲ್ಲಿನ ಒರಳಿನಲ್ಲಿ ಗಂಟೆಗಟ್ಟಲೆ ಅರೆದು, ಅಂಟು ಸೇರಿಸಿ ಕುಂಚದಿಂದ ಬಿಲ್ಲೆಗೆ ಬಳಿದು, ಮತ್ತೆ ಕುಲುಮೆಯಲ್ಲಿ ಸುಡುತ್ತಿದ್ದೆ. ಎರಡು ವರ್ಷ ಇದೇ ಆಯಿತು. ಕೆಲವು ಉದುರಿದವು. ಕೆಲವು ಉದುರದೆ ಸುಮ್ಮನೆ ಕುಳಿತವು, ಕರೆಂಟನ್ನೂ ಕೊಡಲಿಲ್ಲ.

ನನ್ನ ಗೈಡ್ ಒಂಟಿಕೊಪ್ಪಲಿನವರು. ಅವರ ತಾತ ಅರಮನೆಯ ಗ್ರಂಥಗಳನ್ನು ನೋಡಿಕೊಳ್ಳುತ್ತಿದ್ದರಂತೆ. ಆ ಮನೆತನದ ಅಚ್ಚುಕಟ್ಟು ಸರ್ ಅವರ ಮಾತಿನಲ್ಲೂ ಇತ್ತು. ವಿದ್ಯಾರ್ಥಿಗಳನ್ನೆಲ್ಲ 'ನೀವು' ಎಂದೇ ಕರೆಯುವರು. ನಿವೃತ್ತಿಗೆ ಇನ್ನು ಎರಡೋ ಮೂರೋ ವರ್ಷವಿತ್ತು. ಬಿಲ್ಲೆಯ ಪರೀಕ್ಷೆ ನಡೆಯುವ ದಿನ ತಾವೇ ಮೀಟರಿನ ಮುಂದೆ ಕುಳಿತು ಅಂಕಿ ಓದುವುದು, ನಾನು ಪಕ್ಕದಲ್ಲಿ ನಿಂತು ಪುಸ್ತಕದಲ್ಲಿ ಬರೆದುಕೊಳ್ಳುವುದು, ಇದು ಅವರ ಪದ್ಧತಿ. ಮೀಟರು ಹಳೆಯದು, ಮುಳ್ಳಿನದು. ಒಂದೇ ಫಲಕದ ಮೇಲೆ ಎರಡು ಸಾಲು ಅಂಕಿಗಳು. ಮೇಲಿನ ಸಾಲು ಹತ್ತರವರೆಗೆ, ಕೆಳಗಿನದು ಮೂರರವರೆಗೆ. ಗುಂಡಿಯನ್ನು ಎಲ್ಲಿಗೆ ತಿರುಗಿಸಿದ್ದೇವೆ ಎಂಬುದನ್ನು ನೋಡಿಕೊಂಡು ಯಾವ ಸಾಲನ್ನು ಓದಬೇಕೆಂದು ತೀರ್ಮಾನಿಸಬೇಕು.

ಹೊಸದಾಗಿ ಬೆರೆಸಿದ ಒಂದು ಪುಡಿಯಿಂದ ಮೂರು ಬಿಲ್ಲೆಗಳಿಗೆ ಲೇಪ ಬಳಿದು ಒಟ್ಟಿಗೆ ಸುಟ್ಟಿದ್ದೆ. ಕುಲುಮೆಯ ಮೀಟರು ಎಂದಿನಂತೆ ಸಾವಿರದ ಇನ್ನೂರು ಡಿಗ್ರಿ ತೋರಿಸಿತ್ತು. ಮೊದಲನೆಯ ಬಿಲ್ಲೆಯನ್ನು ಪರೀಕ್ಷೆಗೆ ಇಟ್ಟ ಮಧ್ಯಾಹ್ನ ಸರ್ ಒಂದು ಅಂಕಿ ಹೇಳಿದರು. ನಾನು ಬರೆಯಲಿಲ್ಲ.

"ಬರ್ಕೊಳ್ಳಿ."

"ಸರ್, ಇನ್ನೊಂದ್ಸಲ ಹೇಳ್ತೀರಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಅದೇ ಅಂಕಿ ಹೇಳಿದರು. ಅದುವರೆಗಿನ ನಮ್ಮ ಅತ್ಯುತ್ತಮ ಬಿಲ್ಲೆಗಿಂತ ಮೂರು ಪಟ್ಟು ಹೆಚ್ಚು. ಒಂದು ದಿನ ಬಿಟ್ಟು ಎರಡನೆಯದು, ಅದರ ಮರುದಿನ ಮೂರನೆಯದು. ಮೂರೂ ಹೆಚ್ಚುಕಮ್ಮಿ ಒಂದೇ ಅಂಕಿ ಕೊಟ್ಟವು. ಸರ್ ತಮ್ಮ ಜೀವಮಾನದಲ್ಲಿ ಮೊದಲ ಸಲ ನಮಗೆಲ್ಲ ಕಾಫಿ ತರಿಸಿದರು. ನನಗೆ ಸಂತೋಷವಾಯಿತೋ ಭಯವಾಯಿತೋ ನೆನಪಿಲ್ಲ. ಏನೋ ಒಂದು ನನ್ನ ಕೈಯಿಂದ ಆಗಿದೆ, ಅದು ಏನೆಂದು ಮಾತ್ರ ನನಗೆ ಗೊತ್ತಿಲ್ಲ, ಹಾಗನ್ನಿಸಿತು.

ಪರೀಕ್ಷೆಯಾದ ಬಿಲ್ಲೆಗಳು ಆರುವಾಗ ಸೀಳಿಹೋಗುತ್ತವೆ. ಆದ್ದರಿಂದ ಅವನ್ನು ಮತ್ತೊಮ್ಮೆ ಪರೀಕ್ಷಿಸುವಂತಿಲ್ಲ. ಚೂರುಗಳನ್ನು ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ತಾರೀಖು ಬರೆದು ಬೀರುವಿನಲ್ಲಿಟ್ಟೆ.

ಅದೇ ವಾರ ಅಕ್ಕ ಮೊದಲ ಹೆರಿಗೆಗೆ ನಮ್ಮ ಮನೆಗೆ ಬಂದಳು. ಮಗು ಅಂದುಕೊಂಡದ್ದಕ್ಕಿಂತ ಮುಂಚೆಯೇ ಹುಟ್ಟಿತು. ಅಮ್ಮ ಒಬ್ಬಳ ಕೈಯಲ್ಲಿ ಬಾಣಂತನ ಸಾಗುವಂತಿರಲಿಲ್ಲ. ಸರ್ ಅವರಿಗೆ ಹೇಳಿ ಆರು ವಾರ ರಜೆ ತೆಗೆದುಕೊಂಡೆ. ಬೆಳಿಗ್ಗೆ ಎದ್ದು ನೀರೊಲೆ ಹಚ್ಚುವುದು, ಅಕ್ಕನಿಗೆ ಎಣ್ಣೆ ನೀರು ಹಾಕಲು ಅಮ್ಮನ ಜೊತೆ ನಿಲ್ಲುವುದು, ಮಗುವಿಗೆ ಧೂಪ ಹಿಡಿಯುವುದು. ಆ ದಿನಗಳಲ್ಲಿ ನಾನು ಮನಸ್ಸಿನಲ್ಲೇ ಪ್ರಬಂಧ ಬರೆಯುತ್ತಿದ್ದೆ. ಮೊದಲ ವಾಕ್ಯವಂತೂ ಇಂಗ್ಲಿಷಿನಲ್ಲಿ ಸಿದ್ಧವಾಗಿತ್ತು.

ವಾಪಸು ಹೋದ ಮೇಲೆ ಅದೇ ಬಾಟಲಿಯ ಉಳಿದ ಪುಡಿಯನ್ನೇ ತೆಗೆದು ಮತ್ತೆ ಮೂರು ಬಿಲ್ಲೆ ಮಾಡಿದೆ. ಫಲಿತಾಂಶ ಮೊದಲಿನ ಹಾಗೆಯೇ ಬರಬೇಕಿತ್ತು. ಬರಲಿಲ್ಲ. ಹಳೆಯ ಸಾಧಾರಣ ಬಿಲ್ಲೆಗಳು ಕೊಡುತ್ತಿದ್ದಷ್ಟೇ ಇವೂ ಕೊಟ್ಟವು. ಲೇಪ ದಪ್ಪವಾಯಿತೇನೋ ಎಂದು ತೆಳುವಾಗಿ ಬಳಿದೆ. ಅಷ್ಟೇ. ಪುಡಿ ತೇವ ಹಿಡಿದಿದೆಯೇನೋ ಎಂದು ಒಣಗಿಸಿದೆ. ಅಷ್ಟೇ. ಹೊಸದಾಗಿ ಪುಡಿ ಮಾಡಿದೆ. ಅಷ್ಟೇ.

ರಜೆಯ ನಂತರದ ಆ ಮೊದಲ ಮೂರು ಬಿಲ್ಲೆ ಸೋತ ಮೇಲೆ ಸರ್ ಮೀಟರಿನ ಮುಂದೆ ಕುಳಿತುಕೊಳ್ಳುವುದನ್ನೇ ಬಿಟ್ಟರು.

"ನೀವೇ ಓದಿ, ನೀವೇ ಬರ್ಕೊಳ್ಳಿ," ಎಂದರು.

"ಸರ್, ನೀವು ಓದಿದ್ರೆ..."

"ಬೇಡ. ನೀವೇ ಓದಿ."

ಇಷ್ಟು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟರು. ಕೆಲವು ದಿನಗಳಾದ ಮೇಲೆ ನನ್ನ ಪುಸ್ತಕವನ್ನು ಕೇಳಿದರು. ಆ ಮೂರು ಬಿಲ್ಲೆಗಳ ಅಂಕಿ ಬರೆದ ಪುಸ್ತಕ. ಮನೆಗೆ ತೆಗೆದುಕೊಂಡು ಹೋದರು. ಒಂದು ವಾರ ಕೊಡಲಿಲ್ಲ. ಕೇಳಲು ನನಗೆ ಧೈರ್ಯವಾಗಲಿಲ್ಲ. ಕೊಟ್ಟ ದಿನವೂ ಏನೂ ಹೇಳಲಿಲ್ಲ. ಮೇಜಿನ ಮೇಲೆ ಇಟ್ಟುಹೋದರು, ಅಷ್ಟೇ. ಪುಟಗಳ ನಡುವೆ ಅವರು ಗುರುತಿಗೆ ಇಟ್ಟಿದ್ದ ಒಂದು ಕಾಗದದ ಚೂರು ಹಾಗೇ ಉಳಿದಿತ್ತು, ಸರಿಯಾಗಿ ಆ ಮೂರು ಬಿಲ್ಲೆಗಳ ಪುಟದಲ್ಲೇ.

ಅಂದು ಬಸ್ಸಿನಲ್ಲಿ ನಿಂತಿದ್ದಾಗ ನನಗೆ ಇದ್ದಕ್ಕಿದ್ದಂತೆ ಹೊಳೆಯಿತು. ಸರ್ ನನ್ನನ್ನು ಅನುಮಾನಿಸುತ್ತಿದ್ದಾರೆ. ಅಂಕಿಗಳನ್ನು ನಾನು ತಿದ್ದಿದ್ದೇನೆ ಎಂದುಕೊಂಡಿದ್ದಾರೆ.

ಮೊದಲು ಸಿಟ್ಟು ಬಂತು. ಅವರೇ ಓದಿದ ಅಂಕಿಯಲ್ಲವೇ? ನಾನು ಬರೆದದ್ದು ಮಾತ್ರ ತಾನೇ? ಆಮೇಲೆ ಸಿಟ್ಟಿನ ಜಾಗಕ್ಕೆ ಬೇರೇನೋ ಬಂದು ಕುಳಿತಿತು. ನಾನು ಬರೆದುಕೊಳ್ಳುವಾಗ ತಪ್ಪಿದೆನೇ? ಅವರು ಹೇಳಿದ್ದು ಒಂದು, ನನ್ನ ಕಿವಿಗೆ ಬಿದ್ದದ್ದು ಇನ್ನೊಂದೇ? 'ಇನ್ನೊಂದ್ಸಲ ಹೇಳ್ತೀರಾ' ಎಂದು ಕೇಳಿದ್ದು ನಿಜವೇ, ಅಥವಾ ಆಮೇಲೆ ನಾನು ಕಟ್ಟಿಕೊಂಡದ್ದೇ? ಪುಸ್ತಕ ತೆಗೆದು ನನ್ನ ಕೈಬರಹವನ್ನೇ ದಿಟ್ಟಿಸುತ್ತಿದ್ದೆ. ಏಳು ಏಳರ ಹಾಗೆಯೇ ಇತ್ತು. ಆದರೆ ಒಂದು ಎಂದು ಬರೆದದ್ದನ್ನು ಹೆಚ್ಚು ಹೊತ್ತು ನೋಡಿದರೆ ಅದೂ ಏಳರ ಹಾಗೆ ಕಾಣತೊಡಗಿತು.

ಆ ದಿನಗಳಲ್ಲಿ ನಾನು ಮಾಡಿದ ಕೆಲವು ಕೆಲಸಗಳನ್ನು ಈಗ ಹೇಳಿಕೊಳ್ಳಲು ನಾಚಿಕೆ. ಮೊದಲ ಸಲ ಉಪಯೋಗಿಸಿದ್ದ ಕುಂಚವನ್ನು ಎಸೆದಿದ್ದೆ. ಅದೇ ಅಂಗಡಿಗೆ ಹೋಗಿ ಅದೇ ನಮೂನೆಯದನ್ನು ತಂದೆ. ಮೊದಲ ಸಲ ಬಳಿಯುವಾಗ ಕಿಟಕಿ ತೆರೆದಿತ್ತು ಎಂಬ ನೆನಪಿನಿಂದ ಮಳೆ ಇರಚಲು ಹೊಡೆಯುತ್ತಿದ್ದರೂ ಕಿಟಕಿ ತೆರೆದಿಟ್ಟೆ. ಒಂದು ದಿನ ಅಂದು ಉಟ್ಟಿದ್ದ ಹತ್ತಿ ಸೀರೆಯನ್ನೇ ಹುಡುಕಿ ಉಟ್ಟೆ. ವಿಜ್ಞಾನದ ವಿದ್ಯಾರ್ಥಿನಿ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇಸ್ತ್ರಿ ಇಲ್ದಿರೋದು ಯಾಕೇ ಉಟ್ಕೊಂಡೆ?"

"ಹಂಗೇ."

"ಹಂಗೇ ಅಂದ್ರೆ? ಮೂರ್ ದಿನದಿಂದ ಊಟಾನೂ ಹಂಗೇ ಬಿಟ್ಟು ಏಳ್ತಿದ್ದೀಯ. ಏನಾಗಿದ್ಯೇ ನಿಂಗೆ?"

ಹೇಳಿದೆ. ಅಕ್ಕನ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಮ್ಮ ಎಲ್ಲವನ್ನೂ ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ಚೆನ್ನಾಗಿ ಬಂದಿದ್ದರ ಚೂರು ಇನ್ನೂ ಇದೆಯೇನೇ?"

"ಇದೆ."

"ಚೆನ್ನಾಗಿ ಬರದೇ ಇರೋದರದ್ದೂ ಇದೆ ತಾನೆ? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ದ್ಯಾ?"

ನೋಡಿರಲಿಲ್ಲ. ಮೊದಲಿನ ಪುಡಿ, ಆಮೇಲೆ ಮಾಡಿದ ಪುಡಿ ಎರಡನ್ನೂ ಎಕ್ಸ್‌ರೇ ಯಂತ್ರಕ್ಕೆ ಕೊಟ್ಟಿದ್ದೆ, ಎರಡೂ ಒಂದೇ ಎಂದು ಬಂದಿತ್ತು. ಆದರೆ ಸುಟ್ಟ ಲೇಪವನ್ನು ನೋಡಬೇಕೆಂದು ನನಗೆ ತೋಚಿರಲಿಲ್ಲ. ನಮ್ಮಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇರಲಿಲ್ಲ. ಊರಿನ ಇನ್ನೊಂದು ಸಂಸ್ಥೆಯಲ್ಲಿತ್ತು. ಎರಡು ಲಕೋಟೆ ಹಿಡಿದುಕೊಂಡು ಅಲ್ಲಿಗೆ ಹೋದೆ. ಮೂರನೆಯ ಸಲ ಹೋದಾಗ ಸರದಿ ಸಿಕ್ಕಿತು.

ಪರದೆಯ ಮೇಲೆ ಮೊದಲು ಬಂದದ್ದು ಈಚಿನ, ಕೆಟ್ಟ ಬಿಲ್ಲೆಯ ಚಿತ್ರ. ಕಣಗಳು ಊದಿಕೊಂಡು ಒಂದಕ್ಕೊಂದು ಕರಗಿ ಸೇರಿದ್ದವು. ನಡುವೆ ರಂಧ್ರಗಳೇ ಕಡಿಮೆ. ಆಮೇಲೆ ಒಳ್ಳೆಯ ಬಿಲ್ಲೆಯ ಚೂರು. ಸಣ್ಣ ರವೆಯ ಹಾಗೆ ಬಿಡಿಬಿಡಿಯಾದ ಕಣಗಳು, ಅಂಚಿನಲ್ಲಿ ಮಾತ್ರ ಒಂದನ್ನೊಂದು ಹಿಡಿದುಕೊಂಡಿವೆ. ಸುತ್ತಲೂ ಗಾಳಿಯಾಡುವಷ್ಟು ಜಾಗ. ಯಂತ್ರ ನಡೆಸುತ್ತಿದ್ದ ಮಹನೀಯರು ನನ್ನತ್ತ ತಿರುಗಿದರು.

"ಇದನ್ನ ಕಮ್ಮಿ ಬೇಯಿಸಿದ್ದೀರಲ್ಲ?"

"ಇಲ್ಲ ಸರ್. ಎರಡೂ ಒಂದೇ ಟೆಂಪರೇಚರು."

"ಸಾಧ್ಯಾನೇ ಇಲ್ಲ. ಇದು ಕಮ್ಮಿ ಬೆಂದಿದೆ."

ಪುಸ್ತಕದಲ್ಲಿ ಎರಡಕ್ಕೂ ಸಾವಿರದ ಇನ್ನೂರು ಎಂದೇ ಇತ್ತು. ಈಗ ನನ್ನ ಗೊಂದಲ ಕಡಿಮೆಯಾಗುವ ಬದಲು ಎರಡು ಪಟ್ಟಾಯಿತು. ಅಂಕಿಯೂ ನಿಜವಿರಬೇಕು, ಈ ಚಿತ್ರವೂ ನಿಜವಿರಬೇಕು. ಎರಡೂ ನಿಜವಾಗಿರಲು ಹೇಗೆ ಸಾಧ್ಯ?

ಮರುದಿನ ನಮ್ಮ ಅಟೆಂಡರ್ ಹತ್ತಿರ ಹೋದೆ. ಮೂವತ್ತು ವರ್ಷದಿಂದ ಅದೇ ಪ್ರಯೋಗಾಲಯದಲ್ಲಿದ್ದ ಹಿರಿಯರು. ನಾನು ರಜೆಯಲ್ಲಿದ್ದಾಗ ಕುಲುಮೆಯನ್ನು ಯಾರಾದರೂ ಮುಟ್ಟಿದರಾ ಎಂದು ಕೇಳಿದೆ.

"ಯಾರೂ ಮುಟ್ಟಿಲ್ಲ ಕಣಮ್ಮ. ರಾಡು ಹೋಗಿತ್ತು, ಅದೊಂದು ಹಾಕ್ಸಿದ್ದು ಅಷ್ಟೇ."

"ರಾಡು ಹೋಗಿತ್ತಾ? ಯಾರು ಹಾಕಿದ್ದು?"

"ರಾಜೀವನಗರದೋರು ಒಬ್ರು ಅವ್ರಲ್ಲ, ಬೇಕರಿ ಒಲೆ ಎಲ್ಲಾ ರಿಪೇರಿ ಮಾಡ್ತಾರೆ, ಅವ್ರು ಬಂದ್ಬುಟ್ಟು ಒಂದೇ ದಿನಕ್ಕೆ ಸರಿ ಮಾಡ್ಬುಟ್ಟೋದ್ರು. ನೀವು ಬರೋ ಒತ್ಗೆ ಸರಿಯಾಗಿರ್ಲಿ ಅಂತ ನಾನೇ ಕರ್ಸಿದ್ದು."

"ನಂಗೆ ಯಾಕೆ ಹೇಳ್ಲಿಲ್ಲ?"

"ಕೆಟ್ಟಿದ್ರೆ ಯೋಳ್ಬೋದು ಕಣಮ್ಮ. ಸರಿಯಾಗೋಗಿತ್ತಲ್ಲ, ಇನ್ನೇನ್ ಯೋಳಾನ?"

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ವಿಳಾಸ ಕೇಳಿಕೊಂಡು ಅಂದೇ ಮಧ್ಯಾಹ್ನ ಆಟೋ ಹತ್ತಿದೆ. ರಾಜೀವನಗರ ಆಗ ನನಗೆ ಹೊಸದು. ಒಂದರ ಬೆನ್ನಿಗೆ ಒಂದು ಮನೆ, ಸಣ್ಣ ಸಣ್ಣ ಅಡ್ಡರಸ್ತೆಗಳು, ಒಂದೇ ರೀತಿಯ ತಿರುವುಗಳು. ಮೂರು ಕಡೆ ಕೇಳಿದ ಮೇಲೆ ಅವರ ಅಂಗಡಿ ಸಿಕ್ಕಿತು. ಬಾಗಿಲಿನ ತುಂಬ ಸುರುಳಿ ಸುರುಳಿ ತಂತಿಗಳು, ಬಿಚ್ಚಿಟ್ಟ ಇಸ್ತ್ರಿಪೆಟ್ಟಿಗೆಗಳು, ಒಂದು ದೊಡ್ಡ ಬೇಕರಿ ಒಲೆಯ ಬಾಗಿಲು. ಐವತ್ತು ದಾಟಿದ ಮನುಷ್ಯ, ಬಿಳಿಯ ಗಡ್ಡ. ನಾನು ಯಾರೆಂದು ಹೇಳಿದ ಕೂಡಲೇ ಸ್ಟೂಲು ಒರೆಸಿ ಕೊಟ್ಟರು.

"ರಾಡು ಮತ್ತೆ ಹೋಯ್ತಾ ಮೇಡಂ?"

"ರಾಡು ಚೆನ್ನಾಗಿದೆ. ಅವತ್ತು ಏನೇನು ಮಾಡಿದ್ರಿ ಅಂತ ತಿಳ್ಕೋಬೇಕಿತ್ತು."

"ಏನಾದ್ರೂ ತಪ್ಪಾಯ್ತಾ?"

"ಇಲ್ಲ ಇಲ್ಲ. ಹೇಳಿ."

ಅವರು ನೆನಪು ಮಾಡಿಕೊಂಡು ಒಂದೊಂದೇ ಹೇಳಿದರು. ಬಿಸಿ ಮಾಡುವ ರಾಡುಗಳಲ್ಲಿ ಒಂದು ಮುರಿದಿತ್ತು. ಅದನ್ನು ಬದಲಾಯಿಸಿದರು. ಆಗ ಶಾಖ ಅಳೆಯುವ ಕಡ್ಡಿಯನ್ನೂ ನೋಡಿದರು. ಕುಲುಮೆಯ ನಡುವೆ, ನಾವು ಬಿಲ್ಲೆ ಇಡುವ ಕಲ್ಲಿನ ಪಕ್ಕದಲ್ಲಿ ಅದರ ತುದಿ ಇರಬೇಕು. ಆದರೆ ಅದರ ಪಿಂಗಾಣಿ ಕವಚ ಈಚೆಗಷ್ಟೇ ಸೀಳಿ, ಕಡ್ಡಿ ಒಂದು ಕಡೆಗೆ ವಾಲಿ, ತುದಿ ಹೋಗಿ ರಾಡಿಗೆ ಆನಿಕೊಂಡಿತ್ತು.

"ನಿಮ್ ಮೀಟ್ರು ರಾಡಿನ ಬಿಸಿ ಹೇಳ್ತಾ ಇತ್ತು ಮೇಡಂ. ನಿಮ್ ಸಾಮಾನಿನ ಬಿಸಿ ಅಲ್ಲ. ಮೀಟ್ರಲ್ಲಿ ಸಾವಿರದಿನ್ನೂರು ಬಂದ್ರೆ ಮಧ್ಯದಲ್ಲಿ ಅಷ್ಟು ಇರ್ತಿರ್ಲಿಲ್ಲ. ಬೇಕರಿಯಲ್ಲೂ ಹಿಂಗೇ ಆಗ್ತದೆ. ಮೀಟ್ರು ಜಾಸ್ತಿ ತೋರಿಸ್ತದೆ, ಬ್ರೆಡ್ಡು ಹಸಿ ಇರ್ತದೆ. ನಾನು ಹೊಸ ಕವಚ ಹಾಕಿ ಸೆಂಟ್ರಿಗೆ ಕೂರಿಸ್ದೆ."

ನಾನು ಸ್ಟೂಲಿನಿಂದ ಎದ್ದು ನಿಂತೆ. ಅವರು ಗಾಬರಿಯಾದರು.

"ತಪ್ಪು ಮಾಡ್ದೆ ಅನ್ಸುತ್ತೆ. ಬೇಕಂದ್ರೆ ಮೊದ್ಲಿದ್ದಂಗೇ ಬಗ್ಗಿಸಿ ಕೊಡ್ಲಾ?"

ಆ ಮಾತಿಗೆ ನನಗೆ ನಗು ಬಂತು, ನಗುತ್ತಿದ್ದಂತೆಯೇ ಕಣ್ಣಲ್ಲಿ ನೀರೂ ಬಂತು. ಅವರು ಒಳಗೆ ಕೂಗಿ ಚಹಾ ತರಿಸಿದರು. ನನಗೆ ಏನಾಗಿದೆ ಎಂದು ಅವರಿಗೆ ತಿಳಿಯಲಿಲ್ಲ, ಆದರೂ ಬಂದು ಎರಡೂ ಕಡೆಯ ಬಿಸಿ ಅಳೆದು ತೋರಿಸುತ್ತೇನೆ ಎಂದರು.

ಎರಡು ದಿನ ಬಿಟ್ಟು ಅವರು ಪ್ರಯೋಗಾಲಯಕ್ಕೆ ಬಂದರು. ಇಬ್ಬರೂ ಸೇರಿ ಕುಲುಮೆಯೊಳಗೆ ಎರಡು ಕಡ್ಡಿ ಇಟ್ಟೆವು. ಒಂದು ರಾಡಿಗೆ ತಾಗುವ ಹಾಗೆ, ಇನ್ನೊಂದು ನಡುವಿನ ಕಲ್ಲಿನ ಹತ್ತಿರ. ರಾಡಿನ ಕಡ್ಡಿ ಸಾವಿರದ ಇನ್ನೂರು ತೋರಿಸಿದಾಗ ನಡುವಿನ ಕಡ್ಡಿ ಅದಕ್ಕಿಂತ ಸುಮಾರು ನೂರು ಡಿಗ್ರಿ ಕೆಳಗಿತ್ತು. ಅಷ್ಟು ಕಡಿಮೆ ಶಾಖದಲ್ಲಿ ಲೇಪ ಕಚ್ಚುವುದೇ ಇಲ್ಲ, ಉದುರುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಸರ್ ನಂಬಿದ್ದರು, ಅವರಿಗೆ ಕಲಿಸಿದವರು ನಂಬಿದ್ದರು. ಆದ್ದರಿಂದ ಯಾರೂ ಅಲ್ಲಿಗೆ ಇಳಿದು ನೋಡಿರಲಿಲ್ಲ. ನನ್ನ ಹೊಸ ಪುಡಿ ಮಾತ್ರ ಆ ಶಾಖದಲ್ಲೂ ಕಚ್ಚುತ್ತಿತ್ತು.

ಕುಲುಮೆಯನ್ನು ನೂರು ಡಿಗ್ರಿ ಇಳಿಸಿ ಮತ್ತೆ ಬಿಲ್ಲೆ ಸುಟ್ಟೆ. ಪರೀಕ್ಷೆಗಿಟ್ಟೆ. ಮೀಟರಿನ ಮುಳ್ಳು ಎದ್ದುನಿಂತಿತು. ಗುಂಡಿ ನೋಡಿಕೊಂಡೆ, ಸಾಲು ನೋಡಿಕೊಂಡೆ, ಅಟೆಂಡರ್ ಅವರನ್ನೂ ಕರೆದು ತೋರಿಸಿದೆ. ಅದೇ ಮೂರು ಪಟ್ಟು.

ಇದನ್ನು ಯಾರಿಗೆ ಹೇಳಬೇಕಿತ್ತೋ ಆ ಸರ್ ಆಗ ಊರಿನಲ್ಲೇ ಇದ್ದರೂ ಹತ್ತು ದಿನದಿಂದ ರಜೆಯಲ್ಲಿದ್ದರು. ಏಕೆಂದು ಯಾರಿಗೂ ಹೇಳಿರಲಿಲ್ಲ. ನನ್ನ ಮುಖ ನೋಡಲು ಇಷ್ಟವಿಲ್ಲದೆ ರಜೆ ಹಾಕಿದ್ದಾರೆ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಪುಸ್ತಕ, ಸೂಕ್ಷ್ಮದರ್ಶಕದ ಚಿತ್ರಗಳು, ಎರಡು ಕಡ್ಡಿಗಳ ಅಂಕಿ ಬರೆದ ಹಾಳೆ, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಒಂಟಿಕೊಪ್ಪಲಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ನಾನು ಸುಳ್ಳು ಬರೆದಿಲ್ಲ ಸರ್. ಇಷ್ಟನ್ನು ಮೊದಲು ಹೇಳಿಬಿಡಬೇಕು, ಉಳಿದದ್ದು ಆಮೇಲೆ.

ಬಾಗಿಲು ತೆರೆದವರು ಅವರ ಹೆಂಡತಿ. ಸರ್ ನಡುಮನೆಯ ಕುರ್ಚಿಯಲ್ಲಿ ಕುಳಿತಿದ್ದರು. ಬಲಗಣ್ಣಿನ ಮೇಲೆ ಹಸಿರು ಬಟ್ಟೆಯ ಪಟ್ಟಿ. ನಾನು ಹೊಸ್ತಿಲಲ್ಲೇ ನಿಂತೆ.

"ಯಾರು?"

ಅವರ ಹೆಂಡತಿ ನಾನೆಂದು ಹೇಳಿದರು.

"ಬನ್ನಿ, ಕೂತ್ಕೊಳ್ಳಿ. ಪೊರೆ ಬಂದಿತ್ತು, ತೆಗೆಸಿದ್ದಾಯ್ತು. ಇನ್ನೊಂದು ಕಣ್ಣಿಗೂ ಮಾಡಿಸ್ಬೇಕಂತೆ."

ಜೋಡಿಸಿಕೊಂಡಿದ್ದ ಮಾತೆಲ್ಲ ಹೊರಟುಹೋಯಿತು. ನಾನು ಸುಮ್ಮನೆ ಕುಲುಮೆಯ ಕಥೆ ಹೇಳಿದೆ. ಮುರಿದ ಕವಚ, ವಾಲಿದ ಕಡ್ಡಿ, ನೂರು ಡಿಗ್ರಿ, ಹೊಸ ಬಿಲ್ಲೆ. ಅವರು ಅಡ್ಡ ಬಾಯಿ ಹಾಕದೆ ಕೇಳಿದರು.

"ಹೊಸ ಬಿಲ್ಲೆಯನ್ನ ಓದಿದ್ದು ಯಾರು?"

"ನಾನೇ ಸರ್."

"ಕೆಳಗಿನ ಸಾಲೋ ಮೇಲಿನ ಸಾಲೋ?"

"ಮೇಲಿನದು. ಗುಂಡಿ ಎರಡೆರಡು ಸಲ ನೋಡ್ಕೊಂಡೆ."

ಅವರು ಉಸಿರು ಬಿಟ್ಟು ಬೆನ್ನನ್ನು ಕುರ್ಚಿಗೆ ಆನಿಸಿದರು. ಆಮೇಲೆ, ನನ್ನತ್ತ ನೋಡದೆ, ನಿಧಾನವಾಗಿ ಹೇಳಿದರು.

"ಹೋದ ವರ್ಷದಿಂದಲೇ ಆ ಅಂಕಿಗಳು ನನಗೆ ಸರಿಯಾಗಿ ಕಾಣ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಇವಳಿಗೂ. ಕೆಳಗಿನ ಸಾಲು ಓದಬೇಕಾದ ಕಡೆ ಮೇಲಿನದನ್ನ ಓದಿದ್ರೆ ಹೆಚ್ಚುಕಮ್ಮಿ ಮೂರು ಪಟ್ಟು ಬರುತ್ತೆ. ನಮಗೆ ಬಂದದ್ದೂ ಮೂರು ಪಟ್ಟು. ನಿಮ್ಮ ಎರಡನೇ ಸಲದ ಬಿಲ್ಲೆ ಫೇಲಾದಾಗಲೇ ನನಗೆ ಖಾತ್ರಿಯಾಯ್ತು. ನಾನೇ ತಪ್ಪು ಓದಿದೀನಿ ಅಂತ. ಪುಸ್ತಕ ತಂದು ಇವಳ ಕೈಲಿ ಓದಿಸಿ ಓದಿಸಿ ಲೆಕ್ಕ ಹಾಕಿದೆ. ಹೇಳೋಕೆ ಬಾಯಿ ಬರಲಿಲ್ಲ."

"ಸರ್, ನಾನು..."

"ನಿಮಗೆ ಗೊತ್ತಾಗಿದೆ ಅಂತಾನೇ ಅಂದ್ಕೊಂಡಿದ್ದೆ. ಮರ್ಯಾದೆಗೋಸ್ಕರ ಸುಮ್ಮನಿದ್ದೀರಿ ಅಂತ."

"ನೀವು ನನ್ನನ್ನ ಅನುಮಾನಿಸ್ತಿದ್ದೀರಿ ಅಂತ ಅಂದ್ಕೊಂಡಿದ್ದೆ ಸರ್ ನಾನು. ಅಂಕಿ ತಿದ್ದಿದೀನಿ ಅಂತ."

ಅವರು ಪಟ್ಟಿಯಿಲ್ಲದ ಕಣ್ಣನ್ನು ನನ್ನತ್ತ ತಿರುಗಿಸಿದರು. ಆ ಕಣ್ಣಿಗೆ ನಾನು ಎಷ್ಟು ಕಂಡೆನೋ ಗೊತ್ತಿಲ್ಲ.

"ನಿಮ್ಮನ್ನಾ? ಛೆ. ಅದು ನನ್ನ ತಲೆಗೇ ಬಂದಿರಲಿಲ್ಲ."

ಅವರ ಹೆಂಡತಿ ಉಪ್ಪಿಟ್ಟು ತಂದರು. ತಿಂದೆವು. ಅಂದು ನನಗೆ ನಿರಾಳವಾಗಬೇಕಿತ್ತು. ಆಯಿತೂ ಕೂಡ. ಆದರೆ ಬಸ್ಸು ಕಾಯುತ್ತ ನಿಂತಾಗ ಒಂದು ಬಗೆಯ ಕಸಿವಿಸಿ ಉಳಿದೇ ಇತ್ತು. ಇಷ್ಟು ತಿಂಗಳು ನಾನು ಅವರ ಮೌನವನ್ನು ಓದಿದ್ದೆ, ಅದರಲ್ಲಿ ಬರೆದಿರದೇ ಇದ್ದುದನ್ನು. ಅವರೂ ನನ್ನ ಮೌನವನ್ನು ಹಾಗೆಯೇ ಓದಿದ್ದರು. ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಎರಡು ಕಡೆ ಕುಳಿತು.

ಪ್ರಬಂಧ ಬರೆಯುವಾಗ ಇನ್ನೊಂದು ತೊಡಕು ಬಂತು. ಕಡಿಮೆ ಶಾಖವನ್ನು ಆಯ್ದುಕೊಂಡೆವು ಎಂದು ಬರೆಯಬೇಕೇ, ಕಡ್ಡಿ ವಾಲಿದ್ದರಿಂದ ಆಕಸ್ಮಿಕವಾಗಿ ತಿಳಿಯಿತು ಎಂದು ಬರೆಯಬೇಕೇ? ಸರ್ ಒಂದು ದಿನ ಮೊದಲನೆಯದೇ ಸರಿ ಎನ್ನುವರು, ಮರುದಿನ ಎರಡನೆಯದು ಎನ್ನುವರು. ನಾನೂ ಹಾಗೆಯೇ ಆಡುತ್ತಿದ್ದೆ. ಕೊನೆಗೆ ನಡೆದದ್ದನ್ನೇ ಎರಡು ವಾಕ್ಯದಲ್ಲಿ ಬರೆದೆವು. ರಾಜೀವನಗರದ ಆ ರಿಪೇರಿಯವರಿಗೆ ಕೊನೆಯಲ್ಲಿ ಕೃತಜ್ಞತೆ ಹೇಳಿದೆವು. ಪ್ರಬಂಧ ಅಚ್ಚುಹಾಕಿದ ವಿಜ್ಞಾನ ಪತ್ರಿಕೆಯವರು ಆ ಎರಡು ವಾಕ್ಯಗಳನ್ನು ತೆಗೆಸಿದರು, ಕೃತಜ್ಞತೆಯನ್ನು ಉಳಿಸಿದರು. ಅಚ್ಚಾದ ಪ್ರತಿಯನ್ನು ಅವರ ಅಂಗಡಿಗೆ ತೆಗೆದುಕೊಂಡು ಹೋಗಿ ಕೊಟ್ಟೆ. ತಮ್ಮ ಹೆಸರು ಯಾವುದೆಂದು ಕೇಳಿ, ಬೆರಳಿಟ್ಟು ಬಹಳ ಹೊತ್ತು ನೋಡಿದರು. "ನಾನು ರಾಡು ಹಾಕಿದ್ದಕ್ಕಾ ಇದು?" ಎಂದು ಕೇಳಿದರು. ಹೌದು ಎಂದೆ. ಅದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ.

ಎರಡು ಸಾವಿರದ ಹೊಸ್ತಿಲಿನಲ್ಲಿ ನನಗೆ ಪದವಿ ಬಂತು. ಅದೇ ವರ್ಷ ಸರ್ ನಿವೃತ್ತರಾದರು. ಹೋಗುವ ಮುಂಚೆ ನಾವು ಕೊನೆಯದಾಗಿ ಒಂದು ಬಿಲ್ಲೆಯನ್ನು ವಾರಗಟ್ಟಲೆ ಬಿಡದೆ ನಡೆಸಿ ನೋಡಿದೆವು. ಮೊದಲ ವಾರ ಚೆನ್ನಾಗಿತ್ತು. ಎರಡನೆಯ ವಾರದಿಂದ ಅದರ ಶಕ್ತಿ ದಿನಕ್ಕೊಂದಿಷ್ಟು ಇಳಿಯತೊಡಗಿತು. ತಿಂಗಳು ತುಂಬುವ ಹೊತ್ತಿಗೆ ನಮ್ಮ ಹಳೆಯ ಸಾಧಾರಣ ಬಿಲ್ಲೆಗಳ ಮಟ್ಟಕ್ಕೆ ಬಂದು ನಿಂತಿತು. ಲೇಪ ಉದುರಿರಲಿಲ್ಲ, ಕಣಗಳು ಊದಿರಲಿಲ್ಲ. ಕುಲುಮೆಯ ಕಡ್ಡಿ ಸರಿಯಾಗಿತ್ತು, ಮೀಟರನ್ನು ಇಬ್ಬರು ಓದಿದ್ದೆವು. ಏಕೆ ಎಂದು ತಿಳಿಯಲಿಲ್ಲ.

"ಮುಂದೆ ಯಾರಾದ್ರೂ ಕಂಡು ಹಿಡೀತಾರೆ ಬಿಡಿ," ಎಂದರು ಸರ್. ಅವರ ದನಿಯಲ್ಲಿ ಬೇಸರವಿತ್ತೋ ಸಮಾಧಾನವಿತ್ತೋ, ಈ ಸಲ ನಾನು ಊಹಿಸಲು ಹೋಗಲಿಲ್ಲ. ಬೇಸರವಾಯ್ತಾ ಸರ್ ಎಂದು ಕೇಳಿಯೇಬಿಟ್ಟೆ.

"ಆಯ್ತು," ಎಂದರು.

ನಾನು ಊರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠಕ್ಕೆ ಸೇರಿದೆ. ಕೆಲವು ವರ್ಷಗಳ ನಂತರ ಗ್ರಂಥಾಲಯದಲ್ಲಿ ಏನನ್ನೋ ಹುಡುಕುತ್ತಿದ್ದಾಗ ಒಂದು ಲೇಖನ ಕಣ್ಣಿಗೆ ಬಿತ್ತು. ಇಂಥ ಬಿಲ್ಲೆಗಳನ್ನು ಹಿಡಿದಿಡುವ ಉಕ್ಕು ಬಿಸಿಯಲ್ಲಿ ಕಾಣದಂಥ ಆವಿ ಬಿಡುತ್ತದೆ, ಅದರಲ್ಲಿರುವ ಕ್ರೋಮಿಯಂ ಕಪ್ಪು ಲೇಪದ ರಂಧ್ರಗಳಲ್ಲಿ ಕುಳಿತು ನಿಧಾನವಾಗಿ ಅದನ್ನು ಕೊಲ್ಲುತ್ತದೆ ಎಂದಿತ್ತು. ನಿಂತಲ್ಲೇ ಎರಡು ಸಲ ಓದಿದೆ. ಪರೀಕ್ಷೆಯಲ್ಲಿ ಬಿಲ್ಲೆಯನ್ನು ಹಿಡಿದಿಡುತ್ತಿದ್ದ ನಮ್ಮ ಹಿಡಿಕೆ ಉಕ್ಕಿನದಾಗಿತ್ತೇ? ಉಕ್ಕಿನದೇ ಇರಬೇಕು. ಇಲ್ಲ, ತುದಿಯಲ್ಲಿ ಪಿಂಗಾಣಿ ಇತ್ತಲ್ಲವೇ? ಹಳೆಯ ಪ್ರಯೋಗಾಲಯಕ್ಕೆ ಫೋನ್ ಮಾಡಿದೆ. ಅಟೆಂಡರ್ ನಿವೃತ್ತರಾಗಿದ್ದರು. ಫೋನ್ ಎತ್ತಿದವರು, ಆ ಕೋಣೆಯ ಹಳೆಯ ಸಾಮಾನನ್ನೆಲ್ಲ ಯಾವಾಗಲೋ ಗುಜರಿಗೆ ಹಾಕಿದರು ಎಂದರು.

ಆ ಭಾನುವಾರ ಒಂಟಿಕೊಪ್ಪಲಿಗೆ ಹೋಗಿ ಸರ್ ಅವರನ್ನೇ ಕೇಳಿದೆ. ಕನ್ನಡಕವಿಲ್ಲದೆ ಪೇಪರ್ ಓದುತ್ತಿದ್ದರು. ಲೇಖನದ ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಕಣ್ಣು ಮುಚ್ಚಿ ಯೋಚಿಸಿದರು.

"ಉಕ್ಕಿನದು," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇಲ್ಲ ಇಲ್ಲ, ಪಿಂಗಾಣಿ ಅನ್ಸುತ್ತೆ ಕಣ್ರೀ," ಎಂದರು.

ಇಬ್ಬರೂ ಒಂದು ಹಾಳೆಯ ಮೇಲೆ ಆ ಹಿಡಿಕೆಯ ಚಿತ್ರ ಬರೆದೆವು. ಅವರದು ಒಂದು ರೀತಿ ಬಂತು, ನನ್ನದು ಇನ್ನೊಂದು ರೀತಿ ಬಂತು.